ಮೈನಸ್ ಮೂವತ್ತೇಳರಲ್ಲಿ ಹತ್ತು ಲೀಟರ್

ಬೆರಿತ್ ಹೋಗ್ಲುಂಡ್ ಏನು ಕೆಲಸ ಮಾಡುತ್ತಾಳೆಂದು ಕೇಳಿ ತಿಳಿದವರು ಮೊದಲು ಹೊಟ್ಟೆಕಿಚ್ಚು ಪಡುತ್ತಿದ್ದರು. ಒಂದು ವಾರ ಜೊತೆಗಿದ್ದು ನೋಡಿದವರು ಕನಿಕರ ಪಡುತ್ತಿದ್ದರು. ಕೆಲಸ ಇಷ್ಟೇ: ಡಿಸೆಂಬರಿನಿಂದ ಮಾರ್ಚ್ ಕೊನೆಯ ತನಕ, ದೂರದ ಉತ್ತರದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ, ಜರ್ಮನಿಯ ಕಂಪನಿಯೊಂದರ ಸ್ಪೋರ್ಟ್ಸ್ ಕಾರು ಓಡಿಸುವುದು.

ಹೀಗೆಂದರೆ ಕೇಳಿದವರ ಕಣ್ಣಿಗೆ ಹಿಮದ ಪುಡಿ ಹಾರಿಸುತ್ತ ಅಡ್ಡಡ್ಡ ಜಾರುವ ಕೆಂಪು ಕಾರು ಕಾಣುತ್ತಿತ್ತು. ಅದೂ ಅಲ್ಲಿ ನಡೆಯುತ್ತಿತ್ತು, ಇಲ್ಲವೆಂದಲ್ಲ. ಆದರೆ ಅದಕ್ಕೆ ದಕ್ಷಿಣದಿಂದ ಬೇರೆ ಜನ ಬರುತ್ತಿದ್ದರು, ಅವರ ಹಿಂದೆ ಕ್ಯಾಮೆರಾ ಬರುತ್ತಿತ್ತು. ಬೆರಿತಳ ಪಾಲಿಗೆ ಬಂದದ್ದು ಅಳತೆ. ರಾತ್ರಿಯಿಡೀ ಬಯಲಲ್ಲಿ ನಿಂತು ಮೂಳೆತನಕ ತಣ್ಣಗಾದ ಕಾರನ್ನು ಬೆಳಗ್ಗೆ ಚಾಲೂ ಮಾಡಬೇಕು. ಸೀಟು ಹಲಗೆಯ ಹಾಗೆ ಸೆಟೆದಿರುತ್ತದೆ, ಸ್ಟೀರಿಂಗ್ ಕೈಗವಸಿನ ಮೂಲಕವೂ ಕಚ್ಚುತ್ತದೆ, ಎಂಜಿನ್ ಆಯಿಲ್ ಬೆಲ್ಲದ ಪಾಕದಂತೆ ಅಂಟಿಕೊಂಡು ಅಲುಗುವುದಕ್ಕೇ ಒಲ್ಲೆ ಎನ್ನುತ್ತದೆ. ಆಮೇಲೆ ಮಂಜುಗಡ್ಡೆಯ ಮೇಲೆ ಗುರುತು ಮಾಡಿದ ಐದು ಕಿಲೋಮೀಟರ್ ಸುತ್ತಳತೆಯ ವೃತ್ತದಲ್ಲಿ ಎಂಬತ್ತರ ವೇಗ ಹಿಡಿದು, ಎಂಬತ್ತೊಂದೂ ಆಗದಂತೆ ಎಪ್ಪತ್ತೊಂಬತ್ತೂ ಆಗದಂತೆ ಸುತ್ತಬೇಕು. ಎಷ್ಟು ಪೆಟ್ರೋಲ್ ಕುಡಿಯಿತು, ಎಷ್ಟು ಹೊತ್ತಿಗೆ ಬಿಸಿಯಾಯಿತು, ಎಷ್ಟು ಬಲ ಕೊಟ್ಟಿತು. ಮತ್ತೆ ಸುತ್ತಬೇಕು. ಗಾಣದ ಎತ್ತಿಗೆ ಕಣ್ಣಾದರೂ ಕಟ್ಟಿರುತ್ತಾರೆ. ಅವಳು ಕಣ್ಣು ಬಿಟ್ಟುಕೊಂಡೇ ಸುತ್ತಬೇಕಿತ್ತು.

ಅದಕ್ಕೆ ಮುಂಚೆ ಅವಳು ರಸ್ತೆ ಇಲಾಖೆಯ ಹಿಮ ಗುಡಿಸುವ ಲಾರಿ ಓಡಿಸುತ್ತಿದ್ದಳು. ಕಂಪನಿಯವರು ಅವಳನ್ನು ಕರೆದದ್ದು ಬಲಗಾಲಿಗಾಗಿ. ಏರಿರಲಿ ಇಳಿಜಾರಿರಲಿ, ಕಾಲು ಪೆಡಲಿನ ಮೇಲೆ ಕೂತರೆ ಕೂತಿತು, ವೇಗದ ಮುಳ್ಳು ಅಲುಗುತ್ತಿರಲಿಲ್ಲ. "ನನ್ನ ಹೆಂಡ್ತಿ ಬಲಗಾಲಿಗೆ ಮಾತ್ರ ಸಂಬಳ ಕಣ್ರಪ್ಪಾ, ಉಳಿದ ಮೈಯೆಲ್ಲ ಪುಕ್ಸಟ್ಟೆ ಹೋಗ್ತದೆ" ಎಂದು ಗಂಡ ರೂಬೆನ್ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಆತ ಗಣಿಯಲ್ಲಿ ದುಡಿದು ಬೆನ್ನು ಹಾಳುಮಾಡಿಕೊಂಡು ಮನೆಯಲ್ಲಿದ್ದವನು. ಬೆಳಗ್ಗೆ ಮೂರೂವರೆಗೆ ಅಲಾರಂ ಹೊಡೆದಾಗ ಗೋಡೆ ಕಡೆ ತಿರುಗಿ ಮಲಗುತ್ತಿದ್ದ, ಅಷ್ಟೇ. ಇಪ್ಪತ್ತೆರಡು ಚಳಿಗಾಲ ಹಾಗೆ ಎದ್ದದ್ದರಿಂದ ಬೆರಿತಳಿಗೆ ಒಂದು ಬಗೆಯ ಆಯಾಸ ಅಂಟಿಕೊಂಡಿತ್ತು. ಅದು ಒಂದು ರಾತ್ರಿ ಮಲಗಿದರೆ ಹೋಗುವಂಥದ್ದಲ್ಲ. ಏಪ್ರಿಲ್ ಪೂರ್ತಿ ಮಲಗಿದರೂ ಮೇ ತಿಂಗಳಲ್ಲಿ ಕಣ್ಣ ಕೆಳಗೆ ಕುಳಿತೇ ಇರುತ್ತಿತ್ತು.

ಆ ಕಂಪನಿಯ ಎಂಜಿನಿಯರ್ ಗೆರ್ನೋಟ್ ಹೈನ್ಲೆ. ಅರವತ್ತೊಂದು ವರ್ಷ, ಕಡ್ಡಿಯಂಥ ಆಳು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡರೆ ಮುಖವೇ ಕಾಣುತ್ತಿರಲಿಲ್ಲ. ಎಂಜಿನ್‌ಗಳ ಮೇಲೆ ಡಾಕ್ಟರೇಟ್ ಮಾಡಿದ್ದರಿಂದ ಕಚೇರಿಯ ಬಾಗಿಲ ಮೇಲಿನ ಹೆಸರಿನ ಹಿಂದೆ "ಡಾ." ಇತ್ತು. ಬೆರಿತ್ "ಡಾಕ್ಟ್ರೇ" ಎಂದೇ ಕರೆಯುತ್ತಿದ್ದಳು. ಮೊದಲ ವರ್ಷ ಅದು ಗೇಲಿಯಾಗಿತ್ತು, ಹತ್ತೊಂಬತ್ತನೆಯ ವರ್ಷಕ್ಕೆ ಹೆಸರೇ ಆಗಿಹೋಗಿತ್ತು. ಇಬ್ಬರ ನಡುವೆ ಜಗಳವೂ ಅಷ್ಟೇ ವರ್ಷದ್ದು, ಅದೂ ಒಂದೇ ಜಗಳ.

ಗೆರ್ನೋಟನಿಗೆ ಚಳಿಯೆಂದರೆ ಪ್ರೀತಿ. "ತಣ್ಣಗಿನ ಗಾಳಿ ದಟ್ಟವಾಗಿರುತ್ತೆ ಬೆರಿತ್. ಎಂಜಿನ್ ಒಂದು ಸಲ ಉಸಿರೆಳೆದ್ರೆ ಬೇಸಿಗೆಗಿಂತ ಜಾಸ್ತಿ ಆಮ್ಲಜನಕ ಒಳಗೆ ಬರುತ್ತೆ. ಬೇಸಿಗೆಯಲ್ಲಿ ನಾನೂರು ಕುದುರೆ ಶಕ್ತಿ ಕೊಡೋದು ಇಲ್ಲಿ ನಾನೂರ ಮೂವತ್ತು ಕೊಡುತ್ತೆ. ಪುಕ್ಕಟೆ ಮೂವತ್ತು ಕುದುರೆ!"

"ಮೂವತ್ತು ಕುದುರೆ ಬಂತು, ಸರಿ. ಕಾಲು ಊರೋದೆಲ್ಲಿ?" ಎನ್ನುತ್ತಿದ್ದಳು ಬೆರಿತ್. "ಟೈರು ಕಲ್ಲಾಗಿದೆ. ಕೆಳಗೆ ಮಂಜುಗಡ್ಡೆ. ಅರ್ಧ ಕುದುರೆ ಬಲ ಜಾಸ್ತಿ ತುಳಿದ್ರೂ ಹಿಂಭಾಗ ಮುಂದಕ್ಕೆ ಬರುತ್ತೆ. ಆಮೇಲೆ, ನಿಮ್ಮ ದಟ್ಟ ಗಾಳಿ ಎಂಜಿನ್ನಿಗೆ ಊಟ ಇರಬಹುದು, ಕಾರಿನ ಮೂತಿಗೆ ಅದೇ ಗೋಡೆ. ತಳ್ಕೊಂಡು ಹೋಗ್ಬೇಕಲ್ಲ, ಅದಕ್ಕೆ ಪೆಟ್ರೋಲ್ ಯಾರ ಅಪ್ಪ ಕೊಡ್ತಾನೆ?"

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂಬ ಮಾತು ಆ ಕಾರಿಗೆ ಒಪ್ಪುತ್ತಿತ್ತು. ಬೇಸಿಗೆಯ ಒಣ ರಸ್ತೆಯಲ್ಲಿ ಹಿಡಿತವಿದ್ದಾಗ ಅಷ್ಟು ಬಲವಿಲ್ಲ, ಇಲ್ಲಿ ಬಲ ಬಂದಾಗ ಹಿಡಿತವಿಲ್ಲ. ಪೆಟ್ರೋಲ್ ಕುಡಿತದ ಮಾತೆತ್ತಿದರೆ ಗೆರ್ನೋಟನ ಮುಖ ಸಣ್ಣಗಾಗುತ್ತಿತ್ತು. ತಣ್ಣನೆಯ ಎಂಜಿನ್ ಮೊದಲ ಹತ್ತು ಕಿಲೋಮೀಟರ್ ಬೇಸಿಗೆಗಿಂತ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕುಡಿಯುತ್ತಿತ್ತು. ಪಕ್ಕದ ಅಂಗಡಿಗೆ ಹೋಗಿ ಬಂದರಂತೂ ಬಿಸಿಯಾಗುವಷ್ಟರಲ್ಲಿ ಮನೆಯೇ ಬಂದಿರುತ್ತದೆ. ಕುಡಿದದ್ದೆಲ್ಲ ಮೈ ಕಾಯಿಸಿಕೊಳ್ಳುವುದಕ್ಕೇ ಖರ್ಚು. ಇನ್ನೆಷ್ಟು ದೂರ ಓಡಬಹುದೆಂದು ಕಾರಿನ ಪರದೆ ತೋರಿಸುತ್ತದಲ್ಲ, ಆ ಲೆಕ್ಕ ಬರೆದವನು ಗೆರ್ನೋಟನೇ. ಅದು ಚಳಿಯಲ್ಲಿ ಸುಳ್ಳು ಹೇಳುತ್ತದೆ ಎಂದು ಬೆರಿತ್ ಪ್ರತಿ ವರ್ಷ ಹೇಳುತ್ತಿದ್ದಳು. "ಶೇಕಡಾ ಐದರೊಳಗೆ ಸರಿಯಿದೆ" ಎಂದು ಆತ ಪ್ರತಿ ವರ್ಷ ಹೇಳುತ್ತಿದ್ದ. ಹೇಳಿ ಹೇಳಿ ಇಬ್ಬರಿಗೂ ಸಾಕಾಗಿತ್ತು, ಆದರೂ ಬಿಡುತ್ತಿರಲಿಲ್ಲ.

ಆ ವರ್ಷ ಫೆಬ್ರವರಿಯ ಒಂದು ಶನಿವಾರ ಸಂಜೆ ಗೆರ್ನೋಟ್ ಫೋನ್ ಮಾಡಿದ. "ನಾಳೆ ಬೆಳಗ್ಗೆ ಮೈನಸ್ ಮೂವತ್ತೇಳು ಅಂತೆ. ಈ ಚಳಿಗಾಲದಲ್ಲೇ ಇಷ್ಟು ಇಳಿದಿಲ್ಲ. ಒಂದೇ ಒಂದು ಅಳತೆ, ಬರ್ತೀರಾ?"

"ಭಾನುವಾರ ಡಾಕ್ಟ್ರೇ."

"ಚಳಿಗೆ ಭಾನುವಾರ ಇಲ್ಲ."

"ಚಳಿಗೆ ನೋಯೋ ಮೊಣಕಾಲೂ ಇಲ್ಲ" ಎಂದಳು ಬೆರಿತ್. ಆದರೂ ಹೋದಳು. ಬೇಡವೆನ್ನಲು ಬೇಕಾದ ಹುರುಪು ಕೂಡ ಅವಳಲ್ಲಿ ಉಳಿದಿರಲಿಲ್ಲ.

ಕಂಪನಿಯ ಹಳೆಯ ಡೀಸೆಲ್ ವ್ಯಾನಿನಲ್ಲಿ ಗೆರ್ನೋಟ್ ಅವಳನ್ನು ಮನೆಯಿಂದ ಹತ್ತಿಸಿಕೊಂಡ. ಊರಿನಿಂದ ಇಪ್ಪತ್ತೊಂದು ಕಿಲೋಮೀಟರ್, ಸರೋವರದ ಆಚೆ ದಡದಲ್ಲಿ ಕಂಪನಿಯದೊಂದು ಮರದ ಮನೆ. ಭಾನುವಾರವಾದ್ದರಿಂದ ಅಲ್ಲಿ ನರಪಿಳ್ಳೆಯಿರಲಿಲ್ಲ. ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿಗೆ ಆ ಕಡೆಯ ರೂಢಿಯಂತೆ ಚೀಸಿನ ತುಂಡು ಹಾಕಿಕೊಂಡು ಕುಡಿದರು. ಗೆರ್ನೋಟ್ ಅರ್ಧ ಕಪ್ಪು ಹಾಗೇ ಬಿಟ್ಟ. ಆಮೇಲೆ ಹೊರಗೆ ಹೋಗಿ ರಾತ್ರಿಯಿಂದ ನಿಂತಿದ್ದ ಬೂದು ಬಣ್ಣದ ಕಾರಿನ ಖಾಲಿ ಟ್ಯಾಂಕಿಗೆ ಅಳೆದು ಹತ್ತು ಲೀಟರ್ ಪೆಟ್ರೋಲ್ ಹಾಕಿದ. ಅಲ್ಲಿ ಇದ್ದದ್ದೇ ಅಷ್ಟು, ಕ್ಯಾನು ಬರಿದಾಯಿತು.

ಏಳು ಗಂಟೆಗೆ ಬೆರಿತ್ ಕಾರು ಚಾಲೂ ಮಾಡಿದಳು. ಅದು ಮೂರು ಸಲ ನರಳಿ ಹೊತ್ತಿಕೊಂಡಿತು. ಕತ್ತಲು ನೀಲಿಯಾಗುತ್ತಿತ್ತು. ಗೆರ್ನೋಟ್ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಟೈರುಗಳ ಗಾಳಿ ಚಳಿಗೆ ಇಳಿದುಹೋಗಿ, ರಾತ್ರಿ ಕೂತ ಜಾಗದಲ್ಲಿ ಚಪ್ಪಟೆಯಾಗಿ, ಮೊದಲ ಅರ್ಧ ಕಿಲೋಮೀಟರ್ ಎತ್ತಿನ ಗಾಡಿಯಂತೆ ಕುಲುಕಿತು. ಒಂದು ಸುತ್ತು ಮುಗಿಯುವುದರಲ್ಲಿತ್ತು.

"ಬೆರಿತ್, ನಿಲ್ಲಿಸಿ."

"ಈಗ ನಿಲ್ಸಿದ್ರೆ ಅಳತೆ ಕೆಟ್ಟುಹೋಯ್ತು ಅಂತ ನೀವೇ ಬೈತೀರ."

"ನಿಲ್ಲಿಸಿ."

ಅವಳು ತಿರುಗಿ ನೋಡಿದಳು. ಆತನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಅಷ್ಟು ಚಳಿಯಲ್ಲೂ ಮೇಲ್ದುಟಿಯ ಮೇಲೆ ಬೆವರು. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಎದೆಯ ಮೇಲೆ ಯಾರೋ ಕೂತ ಹಾಗಿದೆ ಎಂದ. ಬೆಳಗ್ಗೆ ಎದ್ದಾಗಿನಿಂದ ಹೀಗೇ ಇತ್ತಂತೆ, ಹೇಳಿರಲಿಲ್ಲ.

"ಡಾಕ್ಟರ್ ಅಂತ ಬೇರೆ ಬರ್ಕೊಂಡಿದ್ದೀರಲ್ಲ ಬಾಗಿಲ ಮೇಲೆ" ಎಂದಳು ಬೆರಿತ್. ಹೆದರಿದಾಗ ಅವಳ ಬಾಯಿಂದ ಇಂಥ ಮಾತೇ ಬರುತ್ತಿತ್ತು.

"ನಾನು ಎಂಜಿನ್ ಡಾಕ್ಟರ್" ಎಂದ ಗೆರ್ನೋಟ್, ಹಲ್ಲು ಕಚ್ಚಿಕೊಂಡು.

ಕಾರನ್ನು ದಡಕ್ಕೆ ತಂದು, ಎಂಜಿನ್ ಚಾಲೂ ಇಟ್ಟೇ ಬೆರಿತ್ ತುರ್ತು ಸೇವೆಗೆ ಫೋನ್ ಮಾಡಿದಳು. ಅತ್ತ ಕಡೆಯ ಹೆಂಗಸು ಸಮಾಧಾನದಿಂದ ವಿವರಿಸಿದಳು. ಊರಿನ ಆಂಬುಲೆನ್ಸ್ ಬೇರೊಬ್ಬ ರೋಗಿಯನ್ನು ಕರೆದುಕೊಂಡು ಹೋಗಿದೆ. ಕೊರೆಯುವ ಮಂಜು ಕವಿದಿರುವುದರಿಂದ ಹೆಲಿಕಾಪ್ಟರ್ ಏಳುವುದಿಲ್ಲ. ಕರಾವಳಿ ಕಡೆಯಿಂದ ಆಂಬುಲೆನ್ಸ್ ಈಗಲೇ ಹೊರಡುತ್ತದೆ, ಆದರೆ ನೀವಿರುವಲ್ಲಿಗೆ ತಲುಪಲು ಎರಡು ಗಂಟೆ ಬೇಕು. ಓಡುವ ಗಾಡಿ ಇದೆಯೇ? ಇದ್ದರೆ ಎದುರು ಬನ್ನಿ, ಗ್ರಾನ್‌ಬರಿ ಕೂಡುರಸ್ತೆಯಲ್ಲಿ ಸಿಗೋಣ. ಒಂದು ಗಂಟೆ ಉಳಿಯುತ್ತದೆ. ಎದೆನೋವಿಗೆ ಒಂದು ಗಂಟೆ ಎಂದರೆ ಬಹಳ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಆಸ್ಪಿರಿನ್ ಇದ್ದರೆ ಅಗಿಯಲು ಕೊಡಿ.

ಬೆರಿತ್ ಮಾತ್ರೆ ಕೊಟ್ಟಳು. ವ್ಯಾನಿನ ಬಳಿ ಓಡಿ ಕೀಲಿ ತಿರುಗಿಸಿದಳು. ಒಂದು ಗಂಟೆಯಲ್ಲೇ ಅದರ ಡೀಸೆಲ್ ಅಂಬಲಿಯಂತೆ ಗಟ್ಟಿಯಾಗಿತ್ತು. ಎರಡು ಸಲ ಕೆಮ್ಮಿ ಸತ್ತಿತು. ಉಳಿದದ್ದು ನಾನೂರು ಕುದುರೆಯ ಬೂದು ಕಾರು, ಅದರಲ್ಲಿ ಎಂಟೂವರೆ ಲೀಟರ್‌ಗಿಂತ ತುಸು ಕಡಿಮೆ ಪೆಟ್ರೋಲ್. ಪೆಟ್ರೋಲ್ ಬಂಕು ಇರುವುದು ಊರಲ್ಲಿ, ಹಿಂದಕ್ಕೆ ಇಪ್ಪತ್ತೊಂದು ಕಿಲೋಮೀಟರ್. ಗ್ರಾನ್‌ಬರಿ ಮುಂದಕ್ಕೆ ಅರವತ್ತಾರು.

ಮರದ ಮನೆಯಲ್ಲಿದ್ದ ಮಲಗುವ ಚೀಲವನ್ನು ತಂದು ಗೆರ್ನೋಟನಿಗೆ ಹೊದಿಸಿದಳು. ಆತ ಪರದೆ ನೋಡುತ್ತಿದ್ದ.

"ತೊಂಬತ್ತೆರಡು ಕಿಲೋಮೀಟರ್ ತೋರಿಸ್ತಿದೆ" ಎಂದ. "ಧಾರಾಳ."

"ಅರವತ್ತು ಸಿಕ್ಕಿದ್ರೆ ನಮ್ಮ ಪುಣ್ಯ."

"ಲೆಕ್ಕ ಇದೆ ಬೆರಿತ್."

"ನಿಮ್ಮ ಲೆಕ್ಕ ಪರದೇಲಿದೆ, ನನ್ನ ಲೆಕ್ಕ ಕುಂಡೇಲಿದೆ. ಇಪ್ಪತ್ತೆರಡು ವರ್ಷ ಅದರ ಮೇಲೆ ಕೂತಿದ್ದೀನಿ. ಮಾತಾಡ್ಬೇಡಿ ಈಗ."

ಅವಳು ತುರ್ತು ಸೇವೆಯ ಹೆಂಗಸಿಗೆ ಮತ್ತೆ ಹೇಳಿದಳು: ಆಂಬುಲೆನ್ಸ್ ಕೂಡುರಸ್ತೆಯಲ್ಲಿ ನಿಲ್ಲುವುದು ಬೇಡ, ನಮ್ಮ ಕಡೆಗೆ ಬರುತ್ತಲೇ ಇರಲಿ. ನಾವು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಆಮೇಲೆ ಗಂಡನಿಗೆ ಫೋನ್ ಮಾಡಿದಳು.

"ರೂಬೆನ್, ಏಳು. ಹುಲ್ಲು ಕತ್ತರಿಸೋ ಯಂತ್ರದ ಪೆಟ್ರೋಲ್ ಕ್ಯಾನ್ ತಗೊಂಡು ನಮ್ಮ ಕಾರಲ್ಲಿ ಗ್ರಾನ್‌ಬರಿ ರಸ್ತೇಲಿ ಹಿಂದೆ ಬಾ. ಡಾಕ್ಟರಿಗೆ ಹಾರ್ಟ್ ಅಟ್ಯಾಕ್."

"ಯಾವ ಡಾಕ್ಟರಿಗೆ?"

"ನಮ್ಮ ಡಾಕ್ಟರಿಗೆ, ಮಾರಾಯ! ಗೆರ್ನೋಟಿಗೆ!"

"ಲಕ್ಷಾಂತರ ಬೆಲೆಯ ಕಾರಿಗೆ ನನ್ನ ಹುಲ್ಲಿನ ಯಂತ್ರದ ಕ್ಯಾನಾ" ಎಂದ ರೂಬೆನ್. ಆದರೆ ಅಷ್ಟರಲ್ಲಿ ಆತ ಬೂಟು ಹುಡುಕುತ್ತಿರುವ ಸದ್ದು ಕೇಳಿತು.

ಬೆರಿತ್ ಹೊರಟಳು. ದಾರಿಯಲ್ಲಿ ಅವಳು ಮಾಡಿದ್ದರಲ್ಲಿ ಸಾಹಸವೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬೇರೆಯವರಾಗಿದ್ದರೆ ಇಂಥ ಕಾರು ಕೈಗೆ ಸಿಕ್ಕಿದೆ, ಪಕ್ಕದಲ್ಲಿ ಜೀವ ಹೋಗುತ್ತಿದೆ ಎಂದು ನೂರೈವತ್ತಕ್ಕೆ ಒತ್ತುತ್ತಿದ್ದರು. ಮೂವತ್ತು ಕಿಲೋಮೀಟರಿಗೆ ಟ್ಯಾಂಕು ಬರಿದಾಗುತ್ತಿತ್ತು, ಇಲ್ಲವೇ ಮೊದಲ ತಿರುವಿನಲ್ಲೇ ಕಾಡಿಗೆ ನುಗ್ಗುತ್ತಿತ್ತು. ಅವಳು ಎಪ್ಪತ್ತಕ್ಕೆ ಹಿಡಿದಳು. ಮೇಲಿನ ಗೇರಿಗೆ ಬೇಗ ಬೇಗ ಏರಿಸಿ ಎಂಜಿನ್ನನ್ನು ಗೊಣಗುವಷ್ಟು ನಿಧಾನಕ್ಕೆ ತಿರುಗಿಸಿದಳು. ಬ್ರೇಕು ಮುಟ್ಟಬಾರದು, ಬ್ರೇಕು ಒತ್ತಿದರೆ ಗಳಿಸಿದ ವೇಗವನ್ನು ಹಿಮಕ್ಕೆ ಸುರಿದಂತೆ. ಏರು ಬರುವ ಮುಂಚೆ ಕೊಂಚ ಓಟ, ತುದಿಯಲ್ಲಿ ಕಾಲು ಸಡಿಲ, ಇಳಿಜಾರಿಗೆ ಕಾರಿನ ಭಾರವೇ ಸಾಕು. ಎಂಜಿನ್ ಬೇಗ ಬಿಸಿಯೇರಲಿ ಎಂದು ಮೊದಲ ಹದಿನೈದು ನಿಮಿಷ ಒಳಗಿನ ಹೀಟರ್ ಹಚ್ಚಲಿಲ್ಲ. ಗೆರ್ನೋಟನ ಸೀಟಿನ ಬಿಸಿ ಮಾತ್ರ ಹಾಕಿ, ತನ್ನ ಸೀಟಿನದನ್ನು ಆರಿಸಿದಳು. ಗಾಜಿನ ಒಳಗೆ ಇಬ್ಬರ ಉಸಿರು ಹೆಪ್ಪುಗಟ್ಟುತ್ತಿತ್ತು. ಒಂದು ಕೈಯಲ್ಲಿ ಕೆರೆದುಕೊಂಡು ನೋಡಿದಳು.

"ನೂರು ಕಿಲೋಮೀಟರಿಗೆ ಹದಿನೇಳು ಲೀಟರ್" ಎಂದ ಗೆರ್ನೋಟ್, ಕಣ್ಣು ಪರದೆಯ ಮೇಲೆಯೇ.

"ಅದನ್ನ ನೋಡ್ಬೇಡಿ. ನೋವು ಹೇಗಿದೆ?"

"ಇದೆ. ಹದಿನಾರೂವರೆ."

"ಡಾಕ್ಟ್ರೇ, ನಿಮ್ಮ ಹೆಂಡತಿ ಹೆಸರೇನು?" ಹತ್ತೊಂಬತ್ತು ವರ್ಷದಲ್ಲಿ ಅವಳು ಕೇಳಿರಲಿಲ್ಲ.

"ರೋಸ್‌ವಿತಾ." ಆತ ಉಸಿರು ಹಿಡಿದು ಬಿಟ್ಟ. "ಅವಳು ಬಸ್ಸಲ್ಲಿ ಓಡಾಡ್ತಾಳೆ. ಕಾರು ಅಂದ್ರೆ ಆಗಲ್ಲ ಅವಳಿಗೆ."

"ಬುದ್ಧಿವಂತೆ."

"ಹದಿನಾಲ್ಕು" ಎಂದ ಗೆರ್ನೋಟ್. ಎಂಜಿನ್ ಬಿಸಿಯಾಗುತ್ತಿತ್ತು. ಕೊನೆಗೆ ಹನ್ನೆರಡರ ಆಸುಪಾಸಿಗೆ ಬಂದು ನಿಂತಿತು. ಅಷ್ಟು ಹೊತ್ತಿಗೆ ಅವಳು ಹೀಟರ್ ಹಾಕಿದಳು. ಬಿಸಿ ಗಾಳಿ ಆತನ ಎದೆಯ ಕಡೆಗೆ ಬೀಸುವಂತೆ ತಿರುಗಿಸಿದಳು.

ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ರಸ್ತೆಯ ಮೇಲೆ ನಾಲ್ಕು ಹಿಮಸಾರಂಗ ನಿಂತಿದ್ದವು. ಬೆರಿತ್ ಹಾರ್ನ್ ಹೊಡೆದಳು. ಅವು ಓಡಿದವು, ಆದರೆ ಪಕ್ಕಕ್ಕಲ್ಲ, ಮುಂದಕ್ಕೆ. ಎರಡೂ ಬದಿಗೆ ಗುಡಿಸಿದ ಹಿಮ ಎದೆಯೆತ್ತರ ಇದ್ದಾಗ ಪಾಪ ಅವಾದರೂ ಎಲ್ಲಿಗೆ ಹೋಗಬೇಕು? ಗುಡ್ಡದಂಥ ಬಲವನ್ನು ಮೂತಿಯೊಳಗಿಟ್ಟುಕೊಂಡ ಕಾರು ನಾಲ್ಕು ಹಿಮಸಾರಂಗಗಳ ಕುಂಡೆ ನೋಡುತ್ತ ಹದಿನೈದರ ವೇಗದಲ್ಲಿ ನಡೆಯಿತು. ಒಂದು ನಿಮಿಷ. ಎರಡು ನಿಮಿಷ. ಬೆರಿತ್ ಬಾಯಿಗೆ ಬಂದಂತೆ ಬೈದಳು. ಮೊದಲು ಹಿಮಸಾರಂಗಗಳನ್ನು, ಆಮೇಲೆ ಅವುಗಳ ಒಡೆಯರನ್ನು, ಕೊನೆಗೆ ಭಾನುವಾರ ಅಳತೆಗೆ ಕರೆದವರನ್ನು. ಗೆರ್ನೋಟ್ ಕಣ್ಣು ಮುಚ್ಚಿಕೊಂಡೇ ನಗಲು ಹೋಗಿ ಮುಲುಗಿದ.

"ನಗ್ಬೇಡಿ."

"ನಗಿಸ್ಬೇಡಿ."

ಒಂದು ಕಾಡುದಾರಿ ಕವಲೊಡೆದಲ್ಲಿ ಹಿಮಸಾರಂಗಗಳು ತಾವಾಗಿಯೇ ತಿರುಗಿದವು. ಬೆರಿತ್ ಮತ್ತೆ ಎಪ್ಪತ್ತಕ್ಕೆ ಏರಿಸಿದಳು, ನಿಧಾನವಾಗಿ, ಹಾಲು ಉಕ್ಕದಂತೆ ಕಾಯಿಸುವವರ ತಾಳ್ಮೆಯಲ್ಲಿ. ಗೆರ್ನೋಟ್ ಈಗ ಅಂಕಿ ಹೇಳುತ್ತಿರಲಿಲ್ಲ. ಅದು ಅವಳನ್ನು ಹೆದರಿಸಿತು. "ಡಾಕ್ಟ್ರೇ, ಎಷ್ಟಿದೆ ಹೇಳಿ" ಎಂದು ತಾನೇ ಕೇಳಿದಳು. ಸ್ವಲ್ಪ ತಡೆದು, "ಹನ್ನೊಂದೂವರೆ" ಎಂಬ ಉತ್ತರ ಬಂತು. ಆಮೇಲೆ ಎರಡೆರಡು ನಿಮಿಷಕ್ಕೆ ಕೇಳುತ್ತ ಹೋದಳು. ಆತ ಹೇಳುತ್ತ ಹೋದ.

ಐವತ್ತೆಂಟನೆಯ ಕಿಲೋಮೀಟರಿನಲ್ಲಿ, ಒಂದು ಏರಿನ ಮಧ್ಯೆ, ಕಾರು ಒಮ್ಮೆ ಮುಗ್ಗರಿಸಿತು. ಇನ್ನೊಮ್ಮೆ ಮುಗ್ಗರಿಸಿತು. ಬೆರಿತ್ ಇದ್ದ ವೇಗದಲ್ಲೇ ತುದಿ ದಾಟಿಸಿ, ಆಚೆಯ ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿಸಿ, ಗಾಳಿ ತಾಗದ ಒಂದು ತಗ್ಗಿನಲ್ಲಿ ಬದಿಗೆ ನಿಲ್ಲಿಸಿದಳು. ಎಂಜಿನ್ ಆರಿದ ಮೇಲೆ ಕಾಡಿನ ಮೌನ ಕಿವಿಗೆ ಬಡಿಯಿತು.

"ಇನ್ನೂ ಹದಿನಾಲ್ಕು ಕಿಲೋಮೀಟರ್ ತೋರಿಸ್ತಿದೆ" ಎಂದ ಗೆರ್ನೋಟ್. ಆತನ ದನಿಯಲ್ಲಿ ನೋವಿಗಿಂತ ಅವಮಾನ ಹೆಚ್ಚಿತ್ತು.

"ಹಾಗಾದ್ರೆ ಆ ಹದಿನಾಲ್ಕು ಕಿಲೋಮೀಟರನ್ನ ಹೊದ್ಕೊಂಡು ಬೆಚ್ಚಗೆ ಕೂತ್ಕೊಳ್ಳಿ" ಎಂದಳು ಬೆರಿತ್.

ಫೋನಿನಲ್ಲಿ ಕೇಳಿದರೆ ಆಂಬುಲೆನ್ಸ್ ಹತ್ತು ನಿಮಿಷದ ದೂರದಲ್ಲಿದೆ ಎಂದರು. ಹತ್ತು ನಿಮಿಷದಲ್ಲಿ ಕಾರಿನೊಳಗಿನ ಬಿಸಿಯೆಲ್ಲ ಸೋರಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನೂ ಅವಳು ಎಷ್ಟೋ ಸಲ ಅಳೆದವಳೇ. ತನ್ನ ದಪ್ಪ ಮೇಲಂಗಿ ಬಿಚ್ಚಿ ಮಲಗುವ ಚೀಲದ ಮೇಲೆ ಹಾಕಿದಳು. ಕೈಗವಸು ತೆಗೆದು ಆತನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಉಜ್ಜಿದಳು. ಹತ್ತೊಂಬತ್ತು ವರ್ಷದಲ್ಲಿ ಡಿಸೆಂಬರಿಗೊಮ್ಮೆ ಮಾರ್ಚಿಗೊಮ್ಮೆ ಕೈಕುಲುಕಿದ್ದು ಬಿಟ್ಟರೆ ಅವರಿಬ್ಬರೂ ಮುಟ್ಟಿಕೊಂಡವರಲ್ಲ.

"ನೀವು ಪ್ರತಿ ವರ್ಷ ಹೇಳ್ತಿದ್ರಿ" ಎಂದ ಗೆರ್ನೋಟ್.

"ಹೇಳ್ತಿದ್ದೆ."

"ನಾನ್ಯಾಕೆ ಕೇಳ್ಲಿಲ್ಲ?"

ಬೆರಿತ್ ಯೋಚಿಸಿದಳು. ಅದಕ್ಕೆ ಅವಳ ಬಳಿ ಹಲವು ಉತ್ತರಗಳಿದ್ದವು. ಬೆಳಗಿನ ಜಾವದ ದಾರಿಯಲ್ಲಿ ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡ ಉತ್ತರಗಳು. ಈಗ ಅವುಗಳನ್ನು ಎತ್ತಿ ಹೊರಗಿಡುವುದೂ ಒಂದು ಕೆಲಸವೆನಿಸಿತು. "ಬಿಡಿ ಡಾಕ್ಟ್ರೇ. ಚಳೀಲಿ ಯಾರಿಗೂ ಸರಿಯಾಗಿ ಕೇಳ್ಸಲ್ಲ" ಎಂದಳು.

ಹನ್ನೊಂದನೆಯ ನಿಮಿಷಕ್ಕೆ ಮುಂದಿನ ಏರಿನಾಚೆ ನೀಲಿ ಬೆಳಕು ಕಂಡಿತು. ಆಂಬುಲೆನ್ಸಿನಿಂದ ಇಬ್ಬರು ಇಳಿದು, ಚುರುಕಾಗಿ, ಗೆರ್ನೋಟನನ್ನು ಎತ್ತಿ ಒಳಗಿಟ್ಟುಕೊಂಡರು. ಬಾಗಿಲು ಮುಚ್ಚುವಾಗ ಆತ ಏನೋ ಹೇಳಲು ಕೈ ಎತ್ತಿದ. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಆಂಬುಲೆನ್ಸ್ ಹೋದ ಸ್ವಲ್ಪ ಹೊತ್ತಿಗೆ ರೂಬೆನ್ ಬಂದ. ಮಲಗುವ ಪೈಜಾಮದ ಮೇಲೆ ಕೋಟು, ಕೈಯಲ್ಲಿ ಕೆಂಪು ಕ್ಯಾನು. ಖಾಲಿ ರಸ್ತೆ ನೋಡಿದ, ಹೆಂಡತಿಯ ಮುಖ ನೋಡಿದ. ಏನೋ ಚುಚ್ಚುಮಾತು ಬಾಯಿಗೆ ಬಂದಿತ್ತೆಂದು ಕಾಣುತ್ತದೆ, ನುಂಗಿಕೊಂಡ. "ಬಾರೆ, ಒಳಗೆ ಕೂತ್ಕೋ. ಬಿಸಿಯಿದೆ" ಎಂದ.

ಅವಳು ಕೂತಳು. ಆಗ ಬಲಗಾಲು ನಡುಗತೊಡಗಿತು. ಇಪ್ಪತ್ತೆರಡು ವರ್ಷ ಕೂದಲೆಳೆಯಷ್ಟೂ ಅಲುಗದ ಕಾಲು ತೊಡೆಯಿಂದ ಬೆರಳ ತುದಿಯವರೆಗೆ ಹೊಲಿಗೆ ಯಂತ್ರದ ಹಾಗೆ ಕುಣಿಯಿತು. ಎರಡು ಕೈಯಲ್ಲಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ರೂಬೆನ್ ತನ್ನ ಕೈಯನ್ನೂ ಮೇಲಿಟ್ಟು ಒತ್ತಿದ. ಹಾಗೇ ಇಬ್ಬರೂ ತುಂಬ ಹೊತ್ತು ಕೂತಿದ್ದರು.

ಗೆರ್ನೋಟ್ ಬದುಕಿಕೊಂಡ. ಹೃದಯದ ರಕ್ತನಾಳದಲ್ಲಿ ಎರಡು ಕಡೆ ಸ್ಟೆಂಟ್ ಹಾಕಿದರು; ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯವರು ರೋಸ್‌ವಿತಾಗೆ ಹೇಳಿದರಂತೆ. ಆಕೆ ಬೆರಿತಳಿಗೆ ಫೋನ್ ಮಾಡಿ, ಇಬ್ಬರಿಗೂ ಪೂರ್ತಿ ಬಾರದ ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಕೊನೆಗೆ ಅತ್ತುಬಿಟ್ಟಳು. ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಮೂರು ವಾರದ ಮೇಲೆ ಕಂಪನಿಯ ಯಾವುದೋ ವಿಭಾಗದಿಂದ ಬೆರಿತಳಿಗೆ ಪತ್ರ ಬಂತು. ಪರೀಕ್ಷೆಯ ಕಾರನ್ನು ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಗೆ ಒಯ್ದದ್ದೇಕೆ, ನಿಗದಿಯಾದ ಅಳತೆಯನ್ನು ನಡುವೆ ಬಿಟ್ಟದ್ದೇಕೆ, ವಿವರಿಸಬೇಕು. ರೂಬೆನ್ ಪತ್ರ ಓದಿ ಕೆಂಡವಾದ. "ಬರಿ, ನಮ್ಮಪ್ಪನ ಮನೆ ಕಾರು ಅಂತ ತಗೊಂಡ್ಹೋದೆ ಅಂತ ಬರಿ!" ಬೆರಿತ್ ಬರೆದದ್ದು ಒಂದೇ ಸಾಲು: "ಚಾಲಕಿಯ ಪಕ್ಕದಲ್ಲಿದ್ದ ಎಂಜಿನಿಯರಿಗೆ ಹೃದಯಾಘಾತವಾಯಿತು, ಅಳತೆ ನಿಂತಿಲ್ಲ, ಐವತ್ತೆಂಟು ಕಿಲೋಮೀಟರಿನ ದಾಖಲೆ ಕಾರಿನಲ್ಲಿದೆ." ಮರುಪತ್ರ ಬರಲಿಲ್ಲ.

ಮೇ ತಿಂಗಳಲ್ಲಿ ಗೆರ್ನೋಟ್ ಫೋನ್ ಮಾಡಿದ. ದನಿ ತೆಳುವಾಗಿತ್ತು. ದಿನಾ ಎರಡು ಕಿಲೋಮೀಟರ್ ನಡೆಯುತ್ತಾನಂತೆ, ಉಪ್ಪು ಬಿಟ್ಟಿದ್ದಾನಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದ. ಆ ದಿನದ ದಾಖಲೆ ತರಿಸಿಕೊಂಡು ನೋಡಿದನಂತೆ. "ಶೇಕಡಾ ಐದಲ್ಲ ಬೆರಿತ್. ಕಾಲು ಭಾಗಕ್ಕೆ ಹತ್ತಿರ ತಪ್ಪಿತ್ತು. ಹೊರಟಾಗ ತೊಂಬತ್ತೆರಡು ಅಂತ ತೋರಿಸ್ದಾಗಂತೂ ಅದಕ್ಕಿಂತ ಮೋಸ."

"ಗೊತ್ತು."

"ಲೆಕ್ಕ ತಿದ್ದಿ ಕಳಿಸಿದ್ದೀನಿ. ಕಾರಿನ ಜೊತೆ ಕೊಡೋ ಪುಸ್ತಕಕ್ಕೆ ಒಂದು ಮಾತೂ ಬರೆದೆ. ಕಡು ಚಳಿಯಲ್ಲಿ ಹತ್ತಿರದ ಓಡಾಟಕ್ಕೆ ಎರಡು ಪಟ್ಟು ಪೆಟ್ರೋಲ್ ಬೇಕಾಗಬಹುದು, ಪರದೆಯನ್ನ ಪೂರ್ತಿ ನಂಬಬೇಡಿ ಅಂತ."

"ಹಾಕ್ತಾರಾ?"

ಆತ ನಿಟ್ಟುಸಿರುಬಿಟ್ಟ. "'ಹವಾಮಾನಕ್ಕೆ ತಕ್ಕಂತೆ ವ್ಯತ್ಯಾಸವಾಗಬಹುದು' ಅಂತ ತಿದ್ದಿದ್ರು."

ಇಬ್ಬರೂ ನಕ್ಕರು. ಆ ನಗು ಬೇಗ ಮುಗಿಯಿತು. ಮುಂದಿನ ಚಳಿಗಾಲ ತಾನು ಬರುವುದಿಲ್ಲ, ವೈದ್ಯರು ಚಳಿಗೆ ಹೋಗಬೇಡ ಅಂದಿದ್ದಾರೆ ಎಂದ. "ಇಪ್ಪತ್ತು ತುಂಬಿಸ್ಬೇಕು ಅಂತಿತ್ತು" ಎಂದೂ ಹೇಳಿದ. "ರೋಸ್‌ವಿತಾ ಜೊತೆ ಬಸ್ಸಲ್ಲಿ ಓಡಾಡಿ ಡಾಕ್ಟ್ರೇ" ಎಂದಳು ಬೆರಿತ್. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಇಷ್ಟು ವರ್ಷ ಬೇಸರವೆಂದುಕೊಂಡಿದ್ದ ಜಗಳ ಇನ್ನಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು.

ಅಕ್ಟೋಬರಿನಲ್ಲಿ ಕಂಪನಿಯಿಂದ ಹೊಸ ಎಂಜಿನಿಯರಮ್ಮ ಮಾತಾಡಿದಳು. ವಿನಯದ ಹೆಂಗಸು. ಈ ವರ್ಷವೂ ಡಿಸೆಂಬರಿನಿಂದ ಬರಬಹುದೇ, ಎಂದಿನಂತೆ ಬೆಳಗ್ಗೆ ನಾಲ್ಕೂವರೆಗೆ ಶುರು ಮಾಡಬಹುದೇ ಎಂದು ಕೇಳಿದಳು. ಕಿಟಕಿಯಾಚೆ ಸರೋವರದ ಅಂಚಿಗೆ ತೆಳ್ಳನೆಯ ಕೆನೆ ಕಟ್ಟಿತ್ತು. ಬೆರಿತಳಿಗೆ ಇಲ್ಲವೆನ್ನಬೇಕೆಂದಿತ್ತು. ಬೇಸಿಗೆಯೆಲ್ಲ ಅದನ್ನೇ ಮನಸ್ಸಿನಲ್ಲಿ ತಿರುವಿದ್ದಳು. ಆದರೆ ಬಾಯಿಂದ ಬಂದದ್ದು ಬೇರೆ.

"ಏಳಕ್ಕೆ ಬರ್ತೀನಿ."

ಅತ್ತ ಕಡೆ ಏನನ್ನೋ ತಟ್ಟಿ ನೋಡುವ ಸದ್ದು. "ಏಳಕ್ಕೂ ಅಷ್ಟೇ ಚಳಿ ಇರುತ್ತಲ್ಲ? ಹಾಗಾದ್ರೆ ತೊಂದರೆ ಏನಿಲ್ಲ. ಏಳಕ್ಕೇ ಬನ್ನಿ" ಎಂದಳು ಆಕೆ.

ಬೆರಿತ್ ಫೋನ್ ಇಟ್ಟು ಬಂದು ಮೇಜಿನ ಎದುರು ಕೂತಳು.

"ಏನಂತೆ?" ಎಂದ ರೂಬೆನ್.

"ಏಳಕ್ಕೆ ಹೋದ್ರೆ ಸಾಕಂತೆ."

"ಮೊದಲೇ ಕೇಳ್ಬಹುದಿತ್ತಲ್ಲೆ ಅದನ್ನ?"

"ಕೇಳ್ಬಹುದಿತ್ತು" ಎಂದಳು ಬೆರಿತ್. ಆಮೇಲೆ ತೋಳಿನ ಮೇಲೆ ತಲೆಯಿಟ್ಟು, ಹಗಲು ಹೊತ್ತಿನಲ್ಲೇ, ಕೂತಲ್ಲೇ ನಿದ್ದೆ ಹೋದಳು.